ಸೀಟು ಹರಾಜಾಯಿತು, ಊರು ಒಪ್ಪಿತು: ತಪ್ಪೆಲ್ಲಿ?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಹಳ್ಳಿಯವಳು. ಮೈಸೂರಿನ ಹಾಸ್ಟೆಲ್‌ನಲ್ಲಿದ್ದು ಬಿ.ಎ. ಕೊನೆಯ ವರ್ಷ ಓದುತ್ತಿದ್ದೇನೆ. ಪ್ರಜಾಪ್ರಭುತ್ವ ಎಂದರೆ ಪ್ರಜೆಗಳಿಂದ ಪ್ರಜೆಗಳಿಗಾಗಿ ನಡೆಯುವ ಪ್ರಜೆಗಳ ಸರ್ಕಾರ ಎಂದು ಪರೀಕ್ಷೆಯಲ್ಲಿ ಬರೆಯುತ್ತೇವೆ. ಕಳೆದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ವಾರ್ಡಿನ ಸೀಟನ್ನು ದೇವಸ್ಥಾನದ ಮುಂದೆ ಹರಾಜು ಹಾಕಿದರು. ಹೆಚ್ಚಿಗೆ ಕೂಗಿದವರ ಹೆಂಡತಿ ಅವಿರೋಧವಾಗಿ ಸದಸ್ಯೆಯಾದರು, ದುಡ್ಡು ಗೋಪುರದ ಕೆಲಸಕ್ಕೆ ಹೋಯಿತು. ಇದು ತಪ್ಪಲ್ಲವೇ ಎಂದು ದೊಡ್ಡಪ್ಪನನ್ನು ಕೇಳಿದರೆ, "ಎಲ್ರೂ ಕುಂತು ಒಪ್ಕೊಂಡವ್ರೆ. ಜಗಳ ಇಲ್ಲ, ಖರ್ಚಿಲ್ಲ, ದೇವ್ರ ಕೆಲ್ಸನೂ ಆಯ್ತು. ನಿನ್ಗೇನವ್ವ ಕಷ್ಟ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಪ್ರಜಾಪ್ರಭುತ್ವ ಅಂದರೆ ನಿಜಕ್ಕೂ ಏನು? ಓಟು ಹಾಕುವುದು ಬಿಟ್ಟು ನನ್ನಂಥವಳು ಮಾಡಬಹುದಾದ್ದು ಏನಾದರೂ ಇದೆಯೇ?

ಉತ್ತರ: ದೊಡ್ಡಪ್ಪನವರ ಮಾತನ್ನು ಸುಮ್ಮನೆ ತಳ್ಳಿಹಾಕಲು ಬರುವುದಿಲ್ಲ. ಪಂಚಾಯಿತಿ ಚುನಾವಣೆ ಬಂತೆಂದರೆ ಒಂದೇ ಬೀದಿಯ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಬಾಡೂಟದ ಖರ್ಚಿಗೆ ಸಾಲ ಏರುತ್ತದೆ. ಎಣಿಕೆಯ ದಿನ ಹುಟ್ಟಿದ ಹಗೆ ಮುಂದಿನ ಚುನಾವಣೆವರೆಗೂ ಆರುವುದಿಲ್ಲ. ಇದನ್ನೆಲ್ಲ ಕಂಡುಂಡ ಹಿರಿಯರು ಹೊಂದಾಣಿಕೆ ಮಾಡಿಕೊಳ್ಳೋಣ ಅನ್ನುವುದರಲ್ಲಿ ಅರ್ಥವಿದೆ. ಕಾನೂನು ಕೂಡ ಅವಿರೋಧ ಆಯ್ಕೆ ಬೇಡ ಎನ್ನುವುದಿಲ್ಲ. ನಾಮಪತ್ರ ವಾಪಸ್ ಪಡೆಯುವ ಗಡುವು ಮುಗಿದಾಗ ಕಣದಲ್ಲಿ ಒಬ್ಬರೇ ಉಳಿದಿದ್ದರೆ ಚುನಾವಣಾಧಿಕಾರಿ ಅವರನ್ನೇ ಆಯ್ಕೆಯಾದರೆಂದು ಘೋಷಿಸುತ್ತಾರೆ. ಹಾಗಾಗಿ ನಮ್ಮ ತಕರಾರು ಇರಬೇಕಾದ್ದು ಆ ಒಪ್ಪಿಗೆ ಹುಟ್ಟಿದ ರೀತಿಯ ಮೇಲೆ.

ದೊಡ್ಡಪ್ಪನನ್ನು ಇನ್ನೊಂದು ಸಲ ಕೂರಿಸಿಕೊಂಡು ಕೇಳಿ. ಆ ಸಂಜೆ ದೇವಸ್ಥಾನದ ಮುಂದೆ ಇದ್ದವರು ಯಾರ್ಯಾರು? ಊರ ಕೊನೆಯ ಕೇರಿಯಿಂದ ಎಷ್ಟು ಜನ ಬಂದಿದ್ದರು, ಬಂದವರು ಜಗುಲಿ ಮೇಲೆ ಕುಂತರೋ ಕೆಳಗೆ ನಿಂತಿದ್ದರೋ? ಹೆಂಗಸರು ಎಷ್ಟು ಮಂದಿ? ಗಂಡ ಕೂಗಿ ಹೆಂಡತಿ ಸದಸ್ಯೆಯಾದರೆಂದು ಬರೆದಿದ್ದೀರಿ. ಅಂದಮೇಲೆ ಅದು ಮಹಿಳಾ ಮೀಸಲು ಸ್ಥಾನವೇ ಇದ್ದಿರಬೇಕು. ಪಂಚಾಯಿತಿಯ ಅರ್ಧ ಸ್ಥಾನಗಳನ್ನು ಹೆಣ್ಣುಮಕ್ಕಳಿಗೆ ಮೀಸಲಿಟ್ಟ ರಾಜ್ಯ ನಮ್ಮದು. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ ಬರುವುದಕ್ಕೂ ಮೊದಲೇ, 'ನೀರ್ ಸಾಬ್' ಎಂದು ಹಳ್ಳಿಹಳ್ಳಿ ಕರೆದ ಅಬ್ದುಲ್ ನಜೀರ್ ಸಾಬ್ ಅವರು ಮಂತ್ರಿಯಾಗಿದ್ದಾಗ, ಶೇ. 25ರ ಮಹಿಳಾ ಮೀಸಲಾತಿಯೊಂದಿಗೆ 1987ರಲ್ಲಿ ಚುನಾವಣೆ ನಡೆಸಿದ್ದೆವು. ಅಂಥ ಸ್ಥಾನಕ್ಕೆ ಬೆಲೆ ಕಟ್ಟುವ ಜಾಗದಲ್ಲಿ ಹೆಣ್ಣಿನ ದನಿಯೇ ಇರಲಿಲ್ಲ ಎಂದಾದರೆ, 'ಎಲ್ರೂ ಒಪ್ಕೊಂಡವ್ರೆ' ಎಂಬ ಲೆಕ್ಕದಲ್ಲಿ ಅರ್ಧ ಊರೇ ಬಿಟ್ಟುಹೋಯಿತು.

ಮತಗಟ್ಟೆಯ ಮೂಲೆಯಲ್ಲಿ ಮೇಜಿನ ಮೇಲೆ ಇಡುವ ರಟ್ಟಿನ ಮರೆಯನ್ನು ನೋಡಿದ್ದೀರಲ್ಲ? ಶಾಲೆಯ ಕೊಠಡಿಯಲ್ಲಿ, ಮಗ್ಗಿ ಬರೆದ ಗೋಡೆಯ ಪಕ್ಕ ಅದು ನಿಂತಿರುತ್ತದೆ. ನೋಡಲು ಏನೂ ಅಲ್ಲ. ಆದರೆ ಕೂಲಿ ಕೊಡುವ ಯಜಮಾನರು, ಕೈಸಾಲ ಕೊಟ್ಟವರು, ಗಂಡ, ಮಾವ, ಕುಲದ ಮುಖಂಡರು ಯಾರೂ ಅದರೊಳಕ್ಕೆ ಇಣುಕುವಂತಿಲ್ಲ. ಬೆಳಗಾದರೆ ಯಾರ ಗದ್ದೆಗೆ ನಾಟಿಗೆ ಹೋಗಬೇಕೋ ಅವರ ವಿರುದ್ಧವೇ ಸೀಲು ಒತ್ತಿ, ಏನೂ ಆಗದವಳಂತೆ ಮನೆಗೆ ಬರಬಹುದು. ದೇವಸ್ಥಾನದ ಮುಂದೆ ನಡೆಯುವ ಹರಾಜಿನಲ್ಲಿ ಈ ಮರೆ ಇಲ್ಲ. ಅಲ್ಲಿ ಬೇಡ ಅನ್ನಬೇಕಾದರೆ ಎಲ್ಲರೆದುರು ಎದ್ದು ನಿಂತು, ದೇವರ ಕೆಲಸಕ್ಕೆ ಅಡ್ಡ ಬಂದವಳು ಅನ್ನಿಸಿಕೊಂಡು ಅನ್ನಬೇಕು. ಎಷ್ಟು ಜನರಿಗೆ ಆ ಧೈರ್ಯ ಬಂದೀತು? ಬೇಡ ಎನ್ನಲು ದಾರಿ ಇಲ್ಲದ ಕಡೆ ಸಿಕ್ಕ ಒಪ್ಪಿಗೆಗೆ ನಾನಂತೂ ಬೆಲೆ ಕೊಡಲಾರೆ.

ಹರಾಜು ಕಾನೂನಿನಲ್ಲೂ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 169ನೇ ಕಲಮಿನಲ್ಲಿ ಚುನಾವಣಾ ಹಕ್ಕು ಎಂದರೆ ಓಟು ಹಾಕುವ ಹಕ್ಕಷ್ಟೇ ಎಂದಿಲ್ಲ; ಚುನಾವಣೆಗೆ ನಿಲ್ಲುವುದು, ನಿಲ್ಲದೇ ಇರುವುದು, ಉಮೇದುವಾರಿಕೆ ವಾಪಸ್ ಪಡೆಯುವುದು ಎಲ್ಲವೂ ಅದರಲ್ಲಿ ಸೇರಿವೆ. ಈ ಹಕ್ಕನ್ನು ಹೀಗೇ ಚಲಾಯಿಸಿ ಎಂದು ಪ್ರೇರೇಪಿಸಲು ಯಾರಿಗೇ ಆಗಲಿ ಹಣ ಕೊಡುವುದು 170ನೇ ಕಲಮಿನ ಪ್ರಕಾರ ಲಂಚ. 173ನೇ ಕಲಮು ಅದಕ್ಕೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡನ್ನೂ ಹೇಳುತ್ತದೆ. ಹಳೆಯ ಐಪಿಸಿಯಲ್ಲೂ ಇದೇ ಇತ್ತು. ದುಡ್ಡು ಹುಂಡಿಗೆ ಬಿತ್ತು ಅನ್ನುವುದರಿಂದ ಲಂಚ ಕಾಣಿಕೆಯಾಗುವುದಿಲ್ಲ.

ಇನ್ನು ಖರ್ಚಿಲ್ಲ ಅಂದರಲ್ಲ ದೊಡ್ಡಪ್ಪ, ಆ ಲೆಕ್ಕ ನೋಡೋಣ. ಸದಸ್ಯರ ಗೌರವಧನ ತಿಂಗಳಿಗೆ ಒಂದೆರಡು ಸಾವಿರದ ಮಾತು. ಲಕ್ಷಗಟ್ಟಲೆ ಕೂಗಿದವರಿಗೆ ಐದು ವರ್ಷದ ಗೌರವಧನವನ್ನೆಲ್ಲ ಕೂಡಿದರೂ ಹಾಕಿದ ಬಂಡವಾಳದ ಎಷ್ಟು ಪಾಲು ಬಂದೀತು? ಉಳಿದದ್ದು ಬರಬೇಕಾದ್ದು ನಿಮ್ಮ ಚರಂಡಿಯಿಂದ, ಸಿಮೆಂಟ್ ರಸ್ತೆಯಿಂದ, ಮನೆ ಮಂಜೂರಾತಿಗೆ ಕೇಳುವ 'ಖರ್ಚಿ'ನಿಂದ. ಗೋಪುರಕ್ಕೆ ಒಂದು ಸಲ ಕೊಟ್ಟದ್ದನ್ನು ಊರು ಐದು ವರ್ಷ ಕಂತಿನಲ್ಲಿ ತೀರಿಸುತ್ತದೆ. ದೇವರಿಗೆ ಬಿಲ್ಲು ಕಳಿಸುವವರು ಯಾರೂ ಇಲ್ಲವಾದ್ದರಿಂದ ಇದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಪರೀಕ್ಷೆಗೆ ಬರೆಯುವ ವ್ಯಾಖ್ಯೆ ತಪ್ಪಲ್ಲ, ಆದರೆ ಅದರಲ್ಲಿ ಕೈಗೆ ಸಿಗುವುದು ಏನೂ ಇಲ್ಲ. ಮೈಸೂರಿನ ಚರಿತ್ರೆಯಲ್ಲಿ ಇನ್ನೂ ಗಟ್ಟಿಯಾದ ಉತ್ತರವಿದೆ. 1881ರ ಅಕ್ಟೋಬರಿನಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು. ದೊಡ್ಡ ಗಡಿಯಾರದ ಹತ್ತಿರದ ಟೌನ್‌ಹಾಲ್‌ಗೆ ಇವರದೇ ಹೆಸರು. ಮೊದಲ ಸಭೆಗೆ ಸೇರಿದವರು 144 ಮಂದಿ, ಹೆಚ್ಚಾಗಿ ಜಮೀನುದಾರರು ಮತ್ತು ವರ್ತಕರು. ಆಮೇಲೆ ದಸರಾ ಹೊತ್ತಿಗೆ ಸಭೆ ಸೇರುವುದು ರೂಢಿಯಾಯಿತು. ದೇಶೀಯ ಸಂಸ್ಥಾನವೊಂದರಲ್ಲಿ ಅಂಥ ಸಭೆ ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ, ನಾವು ಹೆಮ್ಮೆಪಡಬಹುದು. ಆದರೆ ಸಭೆಗೆ ಇದ್ದ ಅಧಿಕಾರ ಎಷ್ಟು? ದಿವಾನರು ವರ್ಷದ ವರದಿ ಓದುತ್ತಿದ್ದರು, ಸದಸ್ಯರು ಕೆರೆ ಒಡೆದಿದೆ, ರಸ್ತೆ ಇಲ್ಲ, ಕಂದಾಯ ಹೆಚ್ಚಾಯಿತು ಎಂದು ಅಹವಾಲು ಹೇಳುತ್ತಿದ್ದರು. ಸರ್ಕಾರ ಕೇಳಿಸಿಕೊಳ್ಳುತ್ತಿತ್ತು. ಕೇಳಿಸಿಕೊಂಡು ಏನೂ ಮಾಡದಿದ್ದರೆ ದಿವಾನರನ್ನು ಇಳಿಸುವ ದಾರಿ ಆ ಸಭೆಗೆ ಇರಲಿಲ್ಲ.

ಆ ದಾರಿಗಾಗಿಯೇ ಮುಂದೆ ಜನ ಬೀದಿಗಿಳಿದರು. ನಿಮ್ಮ ತಾಲ್ಲೂಕಿನ ಶಿವಪುರದಲ್ಲಿ 1938ರ ಏಪ್ರಿಲಿನಲ್ಲಿ ನಿಷೇಧ ಮೀರಿ ಧ್ವಜ ಹಾರಿಸಿದ ಸತ್ಯಾಗ್ರಹ ಈ ಹಾದಿಯ ಮೊದಲ ದೊಡ್ಡ ಹೆಜ್ಜೆ. ಹೆದ್ದಾರಿ ಬದಿಯ ಸತ್ಯಾಗ್ರಹ ಸೌಧದ ಮುಂದೆ ಬಸ್ಸಿನಲ್ಲಿ ಎಷ್ಟೋ ಸಲ ಹಾದುಹೋಗಿರುತ್ತೀರಿ. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದರೂ ಮೈಸೂರಿನಲ್ಲಿ ಮಹಾರಾಜರು, ದಿವಾನರ ಆಡಳಿತವೇ ಮುಂದುವರಿಯಿತು. ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಶುರುವಾಯಿತು. ಬೇಡಿಕೆ ಒಂದೇ: ಜವಾಬ್ದಾರಿ ಸರ್ಕಾರ, ಅಂದರೆ ಜನ ಆರಿಸಿದ ಸಭೆಗೆ ಉತ್ತರ ಕೊಡಲೇಬೇಕಾದ ಮಂತ್ರಿಮಂಡಲ. ಗೋಲಿಬಾರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಸತ್ತ. ಮೈಸೂರಿನಲ್ಲಿ ನೀವು ದಾಟುವ ರಾಮಸ್ವಾಮಿ ವೃತ್ತ ಅವನ ಹೆಸರಿನದು. ಅಕ್ಟೋಬರ್ ಮುಗಿಯುವ ಮೊದಲೇ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂತು.

ರಾಜರು ಕೆಟ್ಟವರಾಗಿದ್ದರೆಂದು ಜನ ಹೋರಾಡಲಿಲ್ಲ ಅನ್ನುವುದನ್ನು ಗಮನಿಸಿ. ನಾಲೆ ತೋಡಿಸಿದ, ಶಾಲೆ ಕಟ್ಟಿಸಿದ, ಸಕ್ಕರೆ ಕಾರ್ಖಾನೆ ಮಾಡಿಸಿದ ಮನೆತನ ಅದು. ಮಂಡ್ಯದ ಮನೆಗಳಲ್ಲಿ ನಾಲ್ವಡಿಯವರ ಪಟ ಇವತ್ತಿಗೂ ಇದೆ. ಒಳ್ಳೆಯ ಆಡಳಿತ ಇದ್ದೂ ಜನ ಪ್ರಜಾಪ್ರಭುತ್ವ ಕೇಳಿದರು. ಯಾಕೆಂದರೆ ಒಳ್ಳೆಯದು ದೊರೆಯ ಗುಣದಿಂದ ಬರುತ್ತಿತ್ತು, ಕೇಳಿ ಪಡೆಯುವ ಹಕ್ಕಿನಿಂದ ಬರುತ್ತಿರಲಿಲ್ಲ. ನನ್ನ ಮಟ್ಟಿಗೆ ಪ್ರಜಾಪ್ರಭುತ್ವದ ಅರ್ಥ ಇಲ್ಲಿದೆ: ಅಧಿಕಾರ ನಡೆಸುವವರನ್ನು ಆರಿಸಲು, ಅವರು ಕುರ್ಚಿಯಲ್ಲಿರುವಾಗಲೇ ಲೆಕ್ಕ ಕೇಳಲು, ಬೇಡವಾದಾಗ ರಕ್ತ ಹರಿಯದಂತೆ ಇಳಿಸಲು ಜನರಿಗೆ ಹಕ್ಕಿರಬೇಕು. ಮತ್ತು ಆ ಹಕ್ಕು ಊರಿನ ಮೊದಲ ಮನೆಗೆ ಎಷ್ಟೋ ಕೊನೆಯ ಮನೆಗೂ ಅಷ್ಟೇ ಇರಬೇಕು.

ಈ ಕೊನೆಯ ಮಾತೇ ಕಠಿಣ. ಸಂವಿಧಾನ ರಚನಾ ಸಭೆಯಲ್ಲಿ 1949ರ ನವೆಂಬರ್ 25ರಂದು ಅಂಬೇಡ್ಕರ್ ಎಚ್ಚರಿಸಿದ್ದು ಇದನ್ನೇ. ರಾಜಕೀಯದಲ್ಲಿ ಒಬ್ಬರಿಗೆ ಒಂದು ಓಟು, ಆ ಓಟಿಗೆ ಒಂದೇ ಬೆಲೆ. ಸಮಾಜದಲ್ಲಿ, ಆಸ್ತಿಯಲ್ಲಿ ಅಸಮಾನತೆ. ಈ ವಿರೋಧಾಭಾಸದ ಬದುಕಿಗೆ ನಾವು 1950ರ ಜನವರಿ 26ರಂದು ಕಾಲಿಡುತ್ತಿದ್ದೇವೆ ಎಂದರು. 1948ರಲ್ಲಿ ಅದೇ ಸಭೆಯಲ್ಲಿ ಅವರು ಹಳ್ಳಿಯನ್ನು ಅಜ್ಞಾನದ, ಸಂಕುಚಿತ ಬುದ್ಧಿಯ ಬೀಡು ಎಂದು ಕರೆದಾಗ ಹಲವು ಸದಸ್ಯರಿಗೆ ನೋವಾಗಿತ್ತು. ಹಳ್ಳಿಯಲ್ಲಿ ಹುಟ್ಟಿದ ನನಗೂ ಆ ಮಾತು ಓದುವಾಗ ಚುರುಕ್ ಅನ್ನುತ್ತದೆ. ಆದರೆ ಹರಾಜಿನ ಕಥೆ ಕೇಳಿದಾಗಲೆಲ್ಲ ಅವರು ಸುಮ್ಮನೆ ಆಡಿದ್ದಲ್ಲ ಎಂದು ಒಪ್ಪಬೇಕಾಗುತ್ತದೆ.

ಓಟಿನಾಚೆ ಏನು ಮಾಡಬಹುದು ಎಂದು ಕೇಳಿದ್ದೀರಿ. ಓಟಿನ ವಿಷಯದಲ್ಲಿ ಮಂಡ್ಯಕ್ಕೆ ಯಾರೂ ಪಾಠ ಹೇಳಬೇಕಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯ ಕ್ಷೇತ್ರದ ಮತದಾನ ಶೇ. 80 ದಾಟಿತು. ಕಾವೇರಿ ನೀರಿಗೆ, ಕಬ್ಬಿನ ಬಾಕಿಗೆ, ನಾಲೆಯ ಕೊನೆ ಭಾಗಕ್ಕೆ ನೀರು ತಲುಪದಿದ್ದಾಗ ಹೆದ್ದಾರಿಯಲ್ಲಿ ಕೂರುವುದರಲ್ಲೂ ನಿಮ್ಮ ಜಿಲ್ಲೆ ಎತ್ತಿದ ಕೈ. ಶಾಂತಿಯಿಂದ ಸಭೆ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು, ಅದನ್ನು ಕಡಿಮೆ ಮಾಡಿ ಎಂದು ನಾನು ಹೇಳುವುದಿಲ್ಲ. ಕೊರತೆ ಇರುವುದು ಇವೆರಡರ ನಡುವಿನ ಜಾಗದಲ್ಲಿ. ಡೈರಿಯಲ್ಲಿ ಬೆಳಿಗ್ಗೆ ಫ್ಯಾಟ್ ಒಂದು ಪಾಯಿಂಟ್ ಕಡಿಮೆ ಬಂದರೆ ಕ್ಯಾನು ಅಲ್ಲೇ ಇಟ್ಟು 'ಇನ್ನೊಂದ್ಸಲ ಹಾಕಪ್ಪ' ಅನ್ನುವ ಜನ, ಮನೆ ಮುಂದಿನ ರಸ್ತೆಗೆ ಎಷ್ಟು ಮೂಟೆ ಸಿಮೆಂಟ್ ಬಿಲ್ಲಾಯಿತು ಎಂದು ಕೇಳುವುದಿಲ್ಲ. ಹಾಲು ನಮ್ಮದು, ರಸ್ತೆ ಸರ್ಕಾರದ್ದು ಎಂಬ ಭಾವನೆ.

ಕೇಳುವ ಜಾಗ ಗ್ರಾಮಸಭೆ. ನಿಮ್ಮ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಹುಟ್ಟಾ ಸದಸ್ಯರಿದ್ದಂತೆ, ಯಾರೂ ಆಹ್ವಾನಿಸಬೇಕಿಲ್ಲ. ಆರು ತಿಂಗಳಿಗೆ ಒಂದಾದರೂ ನಡೆಯಬೇಕು, ಅದಕ್ಕೂ ಮುಂಚೆ ವಾರ್ಡ್ ಸಭೆ ಆಗಬೇಕು. ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ, ಒಟ್ಟು ಸದಸ್ಯರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ಮನೆ ಯಾರಿಗೆ, ಯಾವ ಬೀದಿಗೆ ಚರಂಡಿ, ಕ್ರಿಯಾ ಯೋಜನೆಯಲ್ಲಿ ಯಾವುದು ಮೊದಲು ಎಂಬುದೆಲ್ಲ ಅಲ್ಲಿ ತೀರ್ಮಾನವಾಗಬೇಕಾದ್ದು.

ಆಗುವುದು ಬೇರೆ. ಪಂಚಾಯಿತಿ ಕಚೇರಿ ಮುಂದೆ ಶಾಮಿಯಾನ, ಹತ್ತೂವರೆ ಅಂದದ್ದು ಹನ್ನೆರಡಕ್ಕೆ ಶುರು. ನೋಡಲ್ ಅಧಿಕಾರಿ ಮಧ್ಯದ ಕುರ್ಚಿಯಲ್ಲಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕೈಯಲ್ಲಿ ಪಟ್ಟಿ. ಸದಸ್ಯೆ ಬಂದಿರುತ್ತಾರೆ, ಅವರ ಪಕ್ಕದ ಕುರ್ಚಿಯಲ್ಲಿ ಅವರ ಯಜಮಾನರು. ಮೈಕು ಯಜಮಾನರ ಕೈಯಲ್ಲಿ. ಮನೆ ಮಂಜೂರಾದ ಫಲಾನುಭವಿಗಳ ಹೆಸರು ಓದುವಾಗ ಎಲ್ಲರೂ ಕಿವಿ ನಿಮಿರಿಸುತ್ತಾರೆ. ಓದಿ ಮುಗಿಯಿತೋ, ಹೆಸರು ಬಂದವರು ಖುಷಿಯಿಂದ, ಬಾರದವರು ಬೈಯುತ್ತ ಎದ್ದು ಹೋಗುತ್ತಾರೆ. ಜಮಾ ಖರ್ಚು ಓದುವ ಹೊತ್ತಿಗೆ ಉಳಿದವರು ನೀರುಗಂಟಿ, ಬಿಲ್ ಕಲೆಕ್ಟರ್, ಆಶಾ ಕಾರ್ಯಕರ್ತೆ ಮತ್ತು ಹಿಂದಿನ ಮೆಟ್ಟಿಲ ಮೇಲೆ ಕುಂತ ನಾಲ್ಕು ಅಜ್ಜಿಯರು. ಕೋರಂ ತುಂಬಿಸಲು ಹಾಜರಾತಿ ಪುಸ್ತಕ ಸಂಜೆ ಮನೆಮನೆಗೆ ಹೋಗುತ್ತದೆ, ನಾವು ಓದದೆ ಸಹಿ ಹಾಕುತ್ತೇವೆ. ಆ ಸಹಿಯ ಮೇಲೆ ವರ್ಷದ ಲಕ್ಷಾಂತರ ರೂಪಾಯಿಯ ಕ್ರಿಯಾ ಯೋಜನೆಗೆ ಊರಿನ ಒಪ್ಪಿಗೆ ಸಿಕ್ಕಿಬಿಡುತ್ತದೆ. ದೇವಸ್ಥಾನದ ಮುಂದಿನ ಒಪ್ಪಿಗೆಗೂ ಇದಕ್ಕೂ ದೊಡ್ಡ ವ್ಯತ್ಯಾಸವೇನೂ ಇಲ್ಲ.

ಮುಂದಿನ ಗ್ರಾಮಸಭೆಗೆ ಊರಿಗೆ ಬನ್ನಿ, ಒಬ್ಬರೇ ಬರಬೇಡಿ. ಸ್ತ್ರೀಶಕ್ತಿ ಸಂಘದ ಹೆಂಗಸರು ವಾರವಾರ ಉಳಿತಾಯದ ಲೆಕ್ಕ ಬರೆಯುವವರು, ಲೆಕ್ಕ ಎಂದರೆ ಹೆದರುವುದಿಲ್ಲ; ಅವರನ್ನು ಕರೆತನ್ನಿ. ಹೋಗುವ ಮುಂಚೆ ಕೇಂದ್ರ ಸರ್ಕಾರದ ಇ-ಗ್ರಾಮಸ್ವರಾಜ್ ಪೋರ್ಟಲ್‌ನಲ್ಲಿ ನಿಮ್ಮ ಪಂಚಾಯಿತಿಯ ಯೋಜನೆ, ಪಾವತಿ ವಿವರ ನೋಡಿಕೊಳ್ಳಿ, ಮೊಬೈಲಿನಲ್ಲೇ ಸಿಗುತ್ತದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕೆಂಬ ನಿಯಮವಿತ್ತು. ನಿಮ್ಮ ಊರಲ್ಲಿ ಆ ಹಣ ಏನಾಯಿತು ಎಂಬ ಒಂದೇ ಪ್ರಶ್ನೆ ಸಾಕು ಸಭೆ ಚುರುಕಾಗಲು. ಕೇಳಿದ್ದನ್ನೂ ಬಂದ ಉತ್ತರವನ್ನೂ ನಡವಳಿ ಪುಸ್ತಕದಲ್ಲಿ ಬರೆಸಿ. ಬರೆಸದ ಪ್ರಶ್ನೆ ಶಾಮಿಯಾನದ ಜೊತೆಗೇ ಬಿಚ್ಚಿಹೋಗುತ್ತದೆ.

ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿಗೆ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಬಹಳ ಜನ ಎಡವುವುದು ಪ್ರಶ್ನೆ ಬರೆಯುವುದರಲ್ಲಿ. 'ರಸ್ತೆ ಯಾಕೆ ಕಳಪೆಯಾಗಿದೆ?' ಎಂದು ಬರೆದರೆ ಅರ್ಜಿ ಬಿದ್ದುಹೋಗುತ್ತದೆ, ಯಾಕೆಂದರೆ ಈ ಕಾಯ್ದೆ ಕೊಡಿಸುವುದು ದಾಖಲೆಯನ್ನು, ಸಮಜಾಯಿಷಿಯನ್ನಲ್ಲ. 'ಇಂಥ ಬೀದಿಯ ಕಾಮಗಾರಿಯ ಎಸ್ಟಿಮೇಟ್, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಪಾವತಿ ವೋಚರ್, ಇವುಗಳ ದೃಢೀಕೃತ ನಕಲು ಕೊಡಿ' ಎಂದು ಬರೆಯಿರಿ. ಅಳತೆ ಪುಸ್ತಕವನ್ನು ಕಚೇರಿಯಲ್ಲಿ ಎಂ.ಬಿ. ಅನ್ನುತ್ತಾರೆ. ಅದರಲ್ಲಿ ಉದ್ದ, ಅಗಲ, ದಪ್ಪ ಬರೆದಿರುತ್ತದೆ. ಟೇಪು ಹಿಡಿದು ರಸ್ತೆಗಿಳಿದರೆ ಸುಳ್ಳು ನಿಜ ಅಲ್ಲೇ ತಿಳಿಯುತ್ತದೆ.

ಹಕ್ಕು ಕಾಗದದಲ್ಲಿ ಇದ್ದಮಾತ್ರಕ್ಕೆ ಮನೆ ಬಾಗಿಲಿಗೆ ಬರುವುದಿಲ್ಲ ಎಂಬುದಕ್ಕೆ ನಮ್ಮಲ್ಲೇ ದೊಡ್ಡ ಉದಾಹರಣೆ ಇದೆ. ಹುಣಸೂರಿನ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನೇ ಒಡೆಯ ಎಂದು ಕಾನೂನು ಹೇಳಿತು. ಆದರೆ ಗೇಣಿದಾರ 7ನೇ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು, ಭೂನ್ಯಾಯಮಂಡಳಿ ಮುಂದೆ ಒಡೆಯರ ಎದುರು ನಿಂತು ಹೇಳಬೇಕಿತ್ತು. ಅರ್ಜಿ ಹಾಕಿದವರ ಮಕ್ಕಳು ಇವತ್ತು ಪಹಣಿಯಲ್ಲಿದ್ದಾರೆ. ಧಣಿಗೆ ಬೇಜಾರಾದೀತು ಎಂದು ಸುಮ್ಮನಿದ್ದವರ ಮಕ್ಕಳನ್ನು ಅಲ್ಲಿ ಹುಡುಕಿದರೂ ಸಿಗುವುದಿಲ್ಲ.

ಹಳ್ಳಿಗೆ ಬುದ್ಧಿ ಹೇಳುವ ನಾವು ಮೈಸೂರಿನವರು ಏನು ಕಡಿಮೆ? ನಮ್ಮ ಪಾಲಿಕೆಯ ಚುನಾಯಿತ ಕೌನ್ಸಿಲಿನ ಅವಧಿ 2023ರ ನವೆಂಬರಿನಲ್ಲಿ ಮುಗಿದು ಆಡಳಿತಾಧಿಕಾರಿ ಬಂದರು, ಹೊಸ ಚುನಾವಣೆ ಸಮಯಕ್ಕೆ ಆಗಲಿಲ್ಲ. ರಾಜ್ಯದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು ವರ್ಷಗಟ್ಟಲೆ ಖಾಲಿ ಉಳಿದವು. ಐದು ವರ್ಷ ಮುಗಿಯುವುದರೊಳಗೆ ಚುನಾವಣೆ ಆಗಲೇಬೇಕು ಎಂದು ಸಂವಿಧಾನದ 243ಇ, 243ಯು ವಿಧಿಗಳು ಹೇಳುತ್ತವೆ. ಸುಪ್ರೀಂ ಕೋರ್ಟ್ 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಅದನ್ನೇ ಒತ್ತಿ ಹೇಳಿತು. ಸಂವಿಧಾನದ ಮಾತು ಹೀಗೆ ಮೂಲೆ ಸೇರಿದ್ದಕ್ಕೆ ನಗರದಲ್ಲಿ ಎಷ್ಟು ಜನ ಮೆರವಣಿಗೆ ಹೊರಟರು? ವಾಕಿಂಗ್ ಮುಗಿಸಿ ಕಾಫಿ ಕುಡಿಯುತ್ತ ದೇಶದ ರಾಜಕೀಯ ಮಾತಾಡುವ ನಮಗೆ, ವಾರ್ಡಿಗೆ ಕಾರ್ಪೊರೇಟರ್ ಇಲ್ಲ ಎಂಬುದು ಕಸದ ಗಾಡಿ ಬಾರದ ದಿನ ಮಾತ್ರ ನೆನಪಾಗುತ್ತದೆ.

ಮತ್ತೆ ನಿಮ್ಮ ಹರಾಜಿಗೆ ಬರುತ್ತೇನೆ. ಮುಂದಿನ ಸಲವೂ ಹೀಗೇ ನಡೆದರೆ ತಹಶೀಲ್ದಾರರಿಗೆ, ಜಿಲ್ಲಾಧಿಕಾರಿಗೆ, ರಾಜ್ಯ ಚುನಾವಣಾ ಆಯೋಗಕ್ಕೆ ದೂರು ಕೊಡಬಹುದು. ವಿಡಿಯೊ ಇದ್ದರೆ ದೂರಿಗೆ ಬಲ ಬರುತ್ತದೆ. ಆದರೆ ಅದೇ ಊರಿನಲ್ಲಿ ಬಾಳಬೇಕಾದ ಹುಡುಗಿಗೆ ಒಬ್ಬಳೇ ಹೋಗಿ ದೂರು ಕೊಡು ಎಂದು ದೂರದಲ್ಲಿ ಕೂತು ಹೇಳುವುದು ಸುಲಭ, ನಾನು ಹೇಳಲಾರೆ. ಅದಕ್ಕಿಂತ ಸರಳವಾದ, ಹರಾಜು ಕೂಗುವವರು ನಿಜವಾಗಿ ಹೆದರುವ ದಾರಿ ಒಂದಿದೆ: ಎರಡನೆಯ ನಾಮಪತ್ರ. ಕಣದಲ್ಲಿ ಇನ್ನೊಬ್ಬರು ಉಳಿದರೆ ಮುಗಿಯಿತು, ಚುನಾವಣೆ ನಡೆಯಲೇಬೇಕು, ರಟ್ಟಿನ ಮರೆ ಊರಿಗೆ ಬರಲೇಬೇಕು. ಗೆಲ್ಲದಿದ್ದರೂ ಚಿಂತೆಯಿಲ್ಲ. ಎರಡನೆಯ ನಾಮಪತ್ರ ಬೀಳಬಹುದು ಅನ್ನಿಸಿದ ಕಡೆ ಯಾರೂ ಲಕ್ಷ ಕೂಗುವುದಿಲ್ಲ. ವಾಪಸ್ ತೆಗೆಸಲು ಬಲವಂತ ಬರುತ್ತದೆ, ಅದಕ್ಕೆ ತಯಾರಿರಬೇಕು. ನಿಲ್ಲುವವಳ ಜೊತೆ ಹತ್ತು ಮನೆಯಾದರೂ ಇರಬೇಕು. ದೊಡ್ಡಪ್ಪನ ಮನೆ ಅದರಲ್ಲಿ ಒಂದಾದರೆ ಅರ್ಧ ಕೆಲಸ ಆದಂತೆ. ಅವರು ನಿಮ್ಮ ಪ್ರಶ್ನೆಗೆ ರೇಗದೆ ಉತ್ತರ ಕೊಟ್ಟವರು, ಹಾಗಾಗಿ ಆಸೆ ಇಟ್ಟುಕೊಳ್ಳಬಹುದು.

ನಿಲ್ಲಲು 21 ವರ್ಷ ತುಂಬಿರಬೇಕು, ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಸಾಮಾನ್ಯ ಸ್ಥಾನಕ್ಕೂ ಹೆಣ್ಣುಮಕ್ಕಳು ನಿಲ್ಲಬಹುದು, ಇದು ಊರಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ಪಂಚಾಯಿತಿಯ ಪಟ್ಟಿ ತಯಾರಾಗುವುದು ವಿಧಾನಸಭೆಯ ಮತದಾರರ ಪಟ್ಟಿಯ ಆಧಾರದ ಮೇಲೆ. ಆದ್ದರಿಂದ ಮೊದಲು ಅಲ್ಲಿ ನಿಮ್ಮ ಹೆಸರು ಊರಿನ ವಿಳಾಸದಲ್ಲಿದೆಯೋ, ಹಾಸ್ಟೆಲಿನ ವಿಳಾಸದಲ್ಲಿದೆಯೋ ನೋಡಿ. ಗುರುತಿನ ಚೀಟಿ ಕೈಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಓಟಿಲ್ಲ. ಹೊಸದಾಗಿ ಸೇರಿಸಲು 6ನೇ ನಮೂನೆ, ವಿಳಾಸ ಬದಲಾವಣೆಗೆ, ತಿದ್ದುಪಡಿಗೆ 8ನೇ ನಮೂನೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಈ ನಾಲ್ಕು ತಿಂಗಳ 1ನೇ ತಾರೀಖು ಅರ್ಹತಾ ದಿನಾಂಕಗಳು. 18 ತುಂಬಿದ ತಂಗಿಯೋ ಗೆಳತಿಯೋ ಇದ್ದರೆ ಅವರ ಹೆಸರನ್ನೂ ಇದೇ ಕೈಯಲ್ಲಿ ಸೇರಿಸಿಬಿಡಿ. ಅನುಮಾನ ಬಂದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ, ಇಲ್ಲವೇ ಊರಿನ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಅವರನ್ನು ಕಾಣಿ. ಬಹಳ ಕಡೆ ಅಂಗನವಾಡಿ ಟೀಚರೇ ಆ ಕೆಲಸ ನೋಡುತ್ತಿರುತ್ತಾರೆ.